ಹನ್ನೆರಡನೆಯ ಕರ್ತವ್ಯ

ಚಂದ್ರಕಾಂತ ಪಾಠ ಶುರು ಮಾಡಿದನೆಂದರೆ ಭಾಲ್ಕಿ ಸ್ಟೇಶನ್ನಿನಲ್ಲಿ ರೈಲು ಸೀಟಿ ಹೊಡೆಯುವುದನ್ನು ಮರೆಯುತ್ತಿತ್ತು. ಕಾಲೇಜಿನ ಬೇವಿನ ಮರದ ಕಾಗೆಗಳು ರೆಕ್ಕೆ ಅಲುಗಿಸದೆ ಕೂತು ಮೂಲಭೂತ ಹಕ್ಕುಗಳನ್ನು ಪೂರ್ತಿ ಕೇಳಿಸಿಕೊಂಡು, ಕರ್ತವ್ಯಗಳ ಹೊತ್ತಿಗೆ ಹಾರಿಹೋಗುತ್ತಿದ್ದವು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ವಾಕ್ಯವನ್ನೂ ಅವನು ಎರಡು ಸಲ ಹೇಳಿದವನಲ್ಲ. ಈ ಮಾತನ್ನು ಅವನೇ ಹೇಳುತ್ತಿದ್ದ, ವರ್ಷಕ್ಕೆ ಹತ್ತು ಸಲ.

ಅಂಥವನು ಈ ಮಧ್ಯಾಹ್ನ ಖಾಲಿ ಕ್ಲಾಸಿನಲ್ಲಿ ಕೂತು ನಾಲ್ಕನೆಯ ಹಾಳೆ ಹರಿದ.

ಪ್ರಾಂಶುಪಾಲ ಮಡೆಪ್ಪನವರು ಬೆಳಿಗ್ಗೆ ಕರೆದು ಹೇಳಿದ್ದರು. ವಿದ್ಯಾರ್ಥಿಗಳು ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದೋ ಬಾರದೋ, ಸಂಜೆಯೊಳಗೆ ಬರೆದುಕೊಡಬೇಕು; ರಾಜ್ಯಶಾಸ್ತ್ರದವರು ಬರೆದರೆ ಕಾಯ್ದೆಯಂತೆ ಇರುತ್ತದೆ. ಅವನು ಬರೆದದ್ದು ಕಾಯ್ದೆಯಂತೆ ಬರಲಿಲ್ಲ. 'ಪಾಠವೆಂಬುದು ಹರಿಯುವ ನೀರು, ಡಬ್ಬಿಯಲ್ಲಿ ತುಂಬಿಟ್ಟರೆ ಹುಳ ಬೀಳುತ್ತವೆ' ಎಂದು ಬರೆದ. ಓದಿದ. ಯಾರೋ ಹೆದರಿದವನು ಬರೆದಂತಿತ್ತು.

ಹೆದರಿಕೆ ಯಾಕೆ? ಅವನದು ಸಿಟ್ಟು ಅಷ್ಟೇ. ಬೆಳಗಿನ ಪೀರಿಯಡ್ಡಿನಲ್ಲಿ ಮೊದಲ ಬೆಂಚಿನ ಮೇಲೆ ಎಂಟು ಮೊಬೈಲು ಸಾಲಾಗಿ ಮಲಗಿದ್ದವು, ಅವುಗಳ ಧಣಿಗಳು ಕ್ಯಾಂಟೀನಿನಲ್ಲಿದ್ದರು. ಮಠಕ್ಕೆ ಬಂದವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ಇವರು ಚಪ್ಪಲಿಯನ್ನಷ್ಟೇ ಒಳಗೆ ಕಳಿಸಿದ್ದರು.

ಕಳೆದ ವಾರದ ಕಿರುಪರೀಕ್ಷೆ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಸಂವಿಧಾನದ ಮೂಲಭೂತ ಕರ್ತವ್ಯಗಳು ಹನ್ನೊಂದು. ಖಾಲಿದನೆಂಬ ಹುಡುಗ ಹನ್ನೆರಡು ಬರೆದಿದ್ದ. ಹನ್ನೆರಡನೆಯದು: 'ತಂದೆ ತೀರಿಕೊಂಡ ದಿನವೂ ಮೂರು ಕ್ಲಾಸು ತೆಗೆದುಕೊಂಡು ಆಮೇಲೆ ಮಣ್ಣಿಗೆ ಹೋಗುವುದು.' ರೆಕಾರ್ಡಿಂಗ್ ಕೇಳಿ, ಒಂದಕ್ಷರ ಬಿಡದೆ ಇಳಿಸಿಕೊಂಡಿದ್ದ. ಉತ್ತರಪತ್ರಿಕೆ ತಿದ್ದಿದ ಸಹೋದ್ಯೋಗಿ ಶರಫೋದ್ದೀನ ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಓದಿ, "ಸರ್, ಸಂವಿಧಾನಕ್ಕ ತಿದ್ದುಪಡಿ ಯಾವಾಗ ತಂದ್ರಿ?" ಎಂದು ಕೇಳಿದ್ದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಚಂದ್ರಕಾಂತನೇ.

ಬಾಗಿಲಲ್ಲಿ ಸಪನಾ ನಿಂತಿದ್ದಳು. ಅವನೇ ಕರೆಸಿದ್ದ. ಔರಾದಿನ ಹುಡುಗಿ, ಬಿ.ಎ. ಕೊನೆಯ ವರ್ಷ. ಇಷ್ಟೆಲ್ಲ ಶುರುವಾದದ್ದು ಅವಳ ಅರ್ಜಿಯಿಂದ. ಔರಾದಿನ ಬಸ್ಸು ಭಾಲ್ಕಿಗೆ ಬರುವಷ್ಟರಲ್ಲಿ ಮೊದಲ ಪೀರಿಯಡ್ಡು ಮುಗಿದಿರುತ್ತದೆ, ಹಾಸ್ಟೆಲಿನಲ್ಲಿ ಜಾಗ ಸಿಕ್ಕಿಲ್ಲ, ಗೆಳತಿ ಅಕ್ಸಾ ತನಗಾಗಿ ಮಾಡುತ್ತಿರುವ ರೆಕಾರ್ಡಿಂಗಿಗೆ ಪರವಾನಗಿ ಬೇಕು, ಇಲ್ಲದಿದ್ದರೆ ಕಾಲೇಜು ಬಿಡುವುದೇ ದಾರಿ.

"ಪಾಠ ಕೇಳೋದು ಬ್ಯಾರೆ, ಡಬ್ಬಿ ಕೇಳೋದು ಬ್ಯಾರೆ. ತಿಳೀತೇನವಾ?"

"ಹೌದ್ರಿ ಸರ್."

ಅವಳು ವಾದಿಸಿದ್ದರೆ ಅವನು ಗೆಲ್ಲುತ್ತಿದ್ದ. ಒಪ್ಪಿಕೊಂಡವಳನ್ನು ಸೋಲಿಸುವುದು ಹೇಗೆಂದು ತಿಳಿಯದೆ, ಮನೆಯಲ್ಲಿ ಯಾರಾದರೂ ಓದಿದವರಿದ್ದಾರೇನು ಎಂದು ಕೇಳಿದ. ಅಕ್ಕ ಮನಿಷಾ ಇದೇ ಕಾಲೇಜಿನಲ್ಲಿ ಓದಿದ್ದಳು, ಮೂರು ವರ್ಷದ ಹಿಂದೆ. ಅವಳ ರೆಕಾರ್ಡಿಂಗುಗಳೂ ಇವೆ, ಎಂದಳು ಸಪನಾ. ಆಗ ಪರವಾನಗಿ ಕೇಳಬೇಕೆಂದು ಗೊತ್ತಿರಲಿಲ್ಲವಂತೆ. ತಾಯಿ ಶಾಲುಬಾಯಿ ಸಾಲಿ ಮೆಟ್ಟಿಲು ಹತ್ತಿದವಳಲ್ಲ. ಆದರೆ ರೊಟ್ಟಿ ಬಡಿಯುವಾಗ ಮೊಬೈಲನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟುಕೊಂಡು ಎಲ್ಲ ಪಾಠ ಕೇಳುತ್ತಾಳೆ; ಹನ್ನೊಂದೂ ಕರ್ತವ್ಯ ಮಗಳಿಗಿಂತ ಅವಳಿಗೇ ಬಾಯಿಪಾಠ.

ಚಂದ್ರಕಾಂತನಿಗೆ ಒಳಗೊಳಗೇ ಹಿಗ್ಗಾಯಿತು. ಔರಾದಿನ ಒಲೆಯವರೆಗೆ ಹೋಗಿದೆ ತನ್ನ ಸ್ವರ. ನಾಳೆ ಸ್ಟಾಫ್ ರೂಮಿನಲ್ಲಿ ಇದನ್ನು ಇಡೀ ಔರಾದ್ ತಾಲ್ಲೂಕು ಎಂದು ಹೇಳಬಹುದು.

"ನಿಮ್ಮ ಅಪ್ಪಾರ ಮಾತು ಬಂದಾಗ ಅವ್ವ ಅತ್ತಳ್ರಿ. ಹಂಚಿನ ಮ್ಯಾಗಿನ ರೊಟ್ಟಿ ಹೊತ್ತಿಹೋಯ್ತು."

ಅವನು ಪೆನ್ನಿನ ಮುಚ್ಚಳ ಹಾಕಿದ. ತೆಗೆದ.

"ಅವ್ವ ಒಂದು ಮಾತು ಕೇಳ್ಕೊಂಡು ಬಾ ಅಂದಾಳ್ರಿ. ಸಿಟ್ಟಾಗಬ್ಯಾಡ್ರಿ. ಅಕ್ಕ ಇದ್ದಾಗ ಒಂದು ಕ್ಲಾಸು ಅಂದಿದ್ರಿ. ಈಗ ಮೂರು ಅಂತೀರಿ. ಒಂದೋ, ಮೂರೋ?"

"ನಾ ಹಂಗ ಅಂದೇ ಇಲ್ಲ."

ಸಪನಾ ಮೇಜಿನ ಹತ್ತಿರ ಬಂದಳು. ಮೊಬೈಲು ತೆಗೆದು ಮೊದಲು ಅಕ್ಕನದು ಹಚ್ಚಿದಳು, ಆಮೇಲೆ ತನ್ನದು.

ತನ್ನ ಸ್ವರವನ್ನು ಅವನು ಈವರೆಗೆ ಹೊರಗಿನಿಂದ ಕೇಳಿರಲಿಲ್ಲ. ಮೊಬೈಲಿನೊಳಗೆ, ಬಸ್ ಸ್ಟ್ಯಾಂಡಿನಲ್ಲಿ ಹಲ್ಲಿನ ಪುಡಿ ಮಾರುವವನಂಥವನೊಬ್ಬ ಯಾರದೋ ಅಪ್ಪನ ಸಾವನ್ನು ಮಾರುತ್ತಿದ್ದ. 'ಅಪ್ಪ ಸತ್ತ ದಿನ...' ಎಂದು ನಿಲ್ಲಿಸಿ, ಕೆಮ್ಮಿ, ಮುಂದಕ್ಕೆ ಹೋಗುತ್ತಿದ್ದ. ಎರಡರಲ್ಲೂ ನಿಂತದ್ದು ಅಲ್ಲೇ. ಎರಡರಲ್ಲೂ ಒಂದೇ ಕೆಮ್ಮು. ಬದಲಾದದ್ದು ಲೆಕ್ಕ ಮಾತ್ರ.

"ಇದರಾಗ ತಾರೀಖೂ ಇಸವೀನೂ ಹೇಳೀರ್ರಿ. ನವೆಂಬರ್ ಹದಿನೇಳು. ಕ್ಯಾಲೆಂಡರ್ ನೋಡಿದೆ ನಾ. ಆವತ್ತು ಐತವಾರ ಬರ್ತದ್ರಿ, ಕಾಲೇಜಿಗೆ ರಜಾ."

"ಬಂದ್ ಮಾಡು ಅದನ್ನ."

ಅವಳು ಬಂದ್ ಮಾಡಿ ಮೊಬೈಲನ್ನು ಬೋರಲು ಹಾಕಿದಳು.

ಒಂದು ಸುಳ್ಳು ಬೇಕೆಂದರೆ ಅವನಲ್ಲಿ ಹತ್ತು ತಯಾರಿರುತ್ತಿದ್ದವು. ಹೆಚ್ಚಿನ ಕ್ಲಾಸು ಎನ್ನಬಹುದಿತ್ತು. ಪರೀಕ್ಷೆ ಹತ್ತಿರವಿತ್ತು, ಶಿಬಿರವಿತ್ತು, ಭಾನುವಾರವೂ ಹುಡುಗರು ಮನೆಗೆ ಬಂದು ಕಾಲು ಹಿಡಿದರು. ಎಲ್ಲವೂ ನಾಲಗೆಯ ತುದಿಗೆ ಬಂದು ಸಾಲಾಗಿ ನಿಂತವು. ಆದರೆ ಔರಾದಿನಲ್ಲಿ ರೊಟ್ಟಿ ಹೊತ್ತಿಹೋಗಿತ್ತು.

"ಮೂರು ಖರೇ," ಎಂದ. "ಕ್ಲಾಸಲ್ಲ. ಬಸ್ಸು."

ಆ ದಿನ ಬೆಳಿಗ್ಗೆ ತಮ್ಮ ಫೋನು ಮಾಡಿದ್ದ. ಬೀದರಿನ ಮನೆಯಿಂದ ಹೊರಟು ಭಾಲ್ಕಿಯಲ್ಲಿ ಇಳಿದ. ಊರು ಖಟಕ ಚಿಂಚೋಳಿ, ಅಲ್ಲಿಗೆ ಬೇರೆ ಬಸ್ಸು. ಬಸ್ಸು ಬಂತು, ಕಿಟಕಿಯ ಸೀಟು ಖಾಲಿಯಿತ್ತು, ಅವನು ಏಳಲಿಲ್ಲ. ಎರಡನೆಯದೂ ಹೋಯಿತು. ಮೂರನೆಯದರ ಕಂಡಕ್ಟರು ಅವನ ಮುಖ ನೋಡಿಯೇ ಕೂಗಿದ. ಅವನು ಬೇರೆ ಊರಿನವನಂತೆ ಆಚೆ ನೋಡಿದ. ನಡುವೆ ಒಂದು ಪ್ಲೇಟು ಭಜಿ ತಿಂದ. ಭಜಿ ಬಿಸಿಯಾಗಿತ್ತು, ರುಚಿಯಾಗಿತ್ತು. ಎಲ್ಲಕ್ಕಿಂತ ಇದನ್ನು ಹೇಳುವುದೇ ಕಷ್ಟವಾಯಿತು.

"ಅಳು ಬರಲಾರದಂಗ ಆಗಿತ್ತವಾ. ದೊಡ್ಡ ಮಗ ನಾ. ಅಲ್ಲಿ ಎಲ್ಲಾರೂ ನನ್ನ ಮಾರೀನೇ ನೋಡ್ತಾರ. ಕಣ್ಣಾಗ ನೀರು ಬರ್ಲಿಲ್ಲಂದ್ರ?"

ಹೊತ್ತು ಮುಳುಗುವಾಗ ಹೋದ. ಎಲ್ಲ ಮುಗಿದಿತ್ತು. ತಾಯಿ ಅಂಬೂಬಾಯಿ ಯಾಕೆ ತಡವೆಂದು ಕೇಳಿದಾಗ 'ಕ್ಲಾಸಿತ್ತು' ಎಂಬ ಮಾತು ತಾನಾಗಿ ಬಂತು. ವಾರ ಯಾವುದೆಂದು ಅವಳು ಎಣಿಸಲಿಲ್ಲ. ಬಂದವರಿಗೆಲ್ಲ ಹೇಳಿದಳು, ನನ್ನ ಮಗನಿಗೆ ಕೆಲಸವೆಂದರೆ ಕೆಲಸ. ಅವರು ತಲೆದೂಗಿದರು. ಮರುವರ್ಷ ಕರ್ತವ್ಯಗಳ ಪಾಠದಲ್ಲಿ ಅದನ್ನೇ ಹೇಳಿದಾಗ ಇಡೀ ಕ್ಲಾಸು ಗಪ್ಪಾಯಿತು. ಆ ಗಪ್ಪು ಅವನಿಗೆ ಬೇಕೆನ್ನಿಸತೊಡಗಿತು. ವರ್ಷ ಕಳೆದಂತೆ ಒಂದು ಕ್ಲಾಸಿಗೆ ಅಷ್ಟು ಗಪ್ಪು ಸಿಗಲಿಲ್ಲ.

"ಅವ್ವಗ ಏನಂತ ಹೇಳ್ಲಿರಿ?" ಎಂದಳು ಸಪನಾ. ಅವಳ ಮುಖದಲ್ಲಿ ಕನಿಕರವಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಉತ್ತರ ಬರೆದುಕೊಳ್ಳಲು ಕಾಯುವ ವಿದ್ಯಾರ್ಥಿಯ ಮುಖ.

"ಈಗ ನಾ ಹೇಳಿದ್ದು ಅದರಾಗ ಬಂತೇನು?"

"ಇಲ್ರೀ. ನೀವೇ ಬಂದ್ ಮಾಡು ಅಂದ್ರಿ."

ಆರು ವರ್ಷದಲ್ಲಿ ಅಪ್ಪನ ಬಗ್ಗೆ ಆಡಿದ ಒಂದೇ ನಿಜ ಗಾಳಿಗೆ ಹೋಗಿತ್ತು.

"ಚಾಲೂ ಮಾಡು. ಅವ್ವಗ ಕೇಳಸು."

ಅವಳು ಮೊಬೈಲನ್ನು ನೆಟ್ಟಗಿಟ್ಟು ಒತ್ತಿದಳು. ಅಂಕಿಗಳು ಓಡತೊಡಗಿದವು. ಅವನು ನೆಟ್ಟಗೆ ಕೂತ.

"ವಿದ್ಯಾರ್ಥಿ ಮಿತ್ರರೇ," ಎಂದಿತು ಬಾಯಿ.

ಎದುರಿಗೆ ನಲವತ್ತು ಬೆಂಚು, ಒಬ್ಬ ಹುಡುಗಿ. "ಅಪ್ಪ ಸತ್ತ ದಿನ..." ಎಂದ. ನಿಂತ. ಕೆಮ್ಮಿದ. ಕೆಮ್ಮಿನ ಆಚೆಗೆ ಏನೂ ಇರಲಿಲ್ಲ. ಬಸ್ಸಿಲ್ಲ, ಭಜಿಯಿಲ್ಲ, ಈಗಷ್ಟೇ ಆಡಿದ ಒಂದು ಮಾತೂ ಇಲ್ಲ. ಫ್ಯಾನು ತಿರುಗುತ್ತಿತ್ತು, ಒಂದು ಸುತ್ತಿಗೊಮ್ಮೆ ಕಟ್ ಎನ್ನುತ್ತಿತ್ತು, ಮೊಬೈಲು ಅದನ್ನು ಒಂದೂ ಬಿಡದೆ ತುಂಬಿಕೊಳ್ಳುತ್ತಿತ್ತು.

ಸಪನಾ ಎರಡು ನಿಮಿಷ ಕಾದಳು. ಔರಾದಿನ ಬಸ್ಸಿಗೆ ಹೊತ್ತಾಗಿತ್ತು. ಅವನ ಕಡೆ ನೋಡದೆ, ಮೆಲ್ಲಗೆ ಬೆರಳೊತ್ತಿ ನಿಲ್ಲಿಸಿದಳು. ರೂಢಿಯಂತೆ ಅದಕ್ಕೊಂದು ಹೆಸರು ಕೊಟ್ಟು ಉಳಿಸಿದಳು. ಎದುರು ಕೂತವನಿಗೆ ಅಕ್ಷರಗಳು ತಲೆಕೆಳಗಾಗಿ ಕಂಡವು:

'ಕರ್ತವ್ಯ. ಪಾಠ ಪೂರ್ತಿ.'