ಬಾರಿಸುವುದೋ, ಉಜ್ಜುವುದೋ

“ಬಾರಿಸೇ ತನೂ! ಉಜ್ಜಬೇಡ, ಬಾರಿಸು!”

ಸೇತುಮಾಧವರಾಯರ ಗಂಟಲು ಆಗಲೇ ಅರ್ಧ ಕೂತಿತ್ತು. ಸೇಲಂನ ಏಪ್ರಿಲ್ ಬಿಸಿಲು, ಕೂತರೆ ಸುಡುವ ಸಿಮೆಂಟ್ ಮೆಟ್ಟಿಲು, ಎದುರಿಗೆ ಕೋರ್ಟಿನಲ್ಲಿ ಮಾತು ಕೇಳದ ಮಗಳು. ಮನುಷ್ಯನ ತಲೆ ಕೆಡುವುದಕ್ಕೆ ಇನ್ನೇನು ಬೇಕು! ತನ್ಮಯಿ ತಿರುಗಿಯೂ ನೋಡಲಿಲ್ಲ. ರಾಕೆಟ್ಟನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಚೆಂಡನ್ನು ಉಜ್ಜಿಯೇ ಉಜ್ಜಿದಳು. ಅದು ಬಲೆಯ ಮೇಲೆ ಆಳೆತ್ತರ ಏರಿ, ಗಿರಗಿರನೆ ತಿರುಗುತ್ತ ಇಳಿದು, ಆಚೆಯ ಹುಡುಗಿಯ ಭುಜದೆತ್ತರಕ್ಕೆ ನೆಗೆಯಿತು. ಗೆರೆಗೆ ಅಂಟಿಕೊಂಡು ಬಗ್ಗಿ ನಿಂತಿದ್ದ ಆ ಹುಡುಗಿ ತಡಬಡಿಸಿ ಚೆಂಡನ್ನು ಬೇಲಿಯಾಚೆ ಕಳಿಸಿದಳು. ಪಾಯಿಂಟ್ ಮಗಳಿಗೇ ಬಂತು. ರಾಯರಿಗೆ ಮಾತ್ರ ಮೈಯೆಲ್ಲ ಉರಿಯಿತು.

ಬಾರಿಸು, ಉಜ್ಜು ಎರಡೂ ರಾಯರೇ ಆರಿಸಿದ ಮಾತುಗಳು. ಪಾಯಿಂಟುಗಳ ನಡುವೆ ಕೋಚ್ ಹೊರಗಿನಿಂದ ನಾಲ್ಕು ಮಾತು ಹೇಳಬಹುದೆಂದು ಈಚೆಗೆ ನಿಯಮ ಬಂದಿತ್ತು. ನೇರ ಏಟಿಗೆ ಫ್ಲ್ಯಾಟ್, ತಿರುಗುವ ಏಟಿಗೆ ಟಾಪ್‌ಸ್ಪಿನ್ ಎಂದರೆ ಎದುರಾಳಿಗೂ ತಿಳಿಯುತ್ತದೆ. ತಮಿಳಿನಲ್ಲಿ ಹೇಳಿದರೆ ಗೇಟಿನ ವಾಚ್‌ಮನ್‌ಗೂ ತಿಳಿಯುತ್ತದೆ. ಕನ್ನಡ ಈ ಊರಿನಲ್ಲಿ ಯಾರಿಗೆ ಬರುತ್ತದೆ? ತಮ್ಮ ಮನೆಯವರಿಗೆ, ಮಠದ ಊಟದಲ್ಲಿ ಸಿಗುವ ಹತ್ತಿಪ್ಪತ್ತು ಮನೆಯವರಿಗೆ, ಅಷ್ಟೇ. ಹಾಗೆಂದು ಅರವತ್ತೆರಡು ವರ್ಷ ನಂಬಿಕೊಂಡು ಬಂದ ಮನುಷ್ಯ ಅವರು.

ನಿವೃತ್ತಿಯಾಗುವವರೆಗೆ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಕೆಲಸ, ಸಂಜೆ ಕ್ಲಬ್ಬಿನ ಸಿಮೆಂಟ್ ಕೋರ್ಟು. ಮಗಳಿಗೆ ಏಳು ವರ್ಷವಾದಾಗಿನಿಂದ ಅಲ್ಲೇ ಬಾರಿಸುವುದನ್ನು ಕಲಿಸಿದ್ದರು: ಚೆಂಡಿನ ಬೆನ್ನಿಗೆ ಸರಿಯಾಗಿ ಏಟು, ಬಲೆಯ ಮೇಲೆ ಒಂದೇ ಗೇಣು, ಎದುರಿನವಳು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಬೇಕು. ಅಂಥ ಹುಡುಗಿ ಎರಡು ವರ್ಷ ಕೊಯಮತ್ತೂರಿನ ಅಕಾಡೆಮಿಗೆ ಹೋಗಿ ಬಂದು ಉಜ್ಜಲು ಶುರುಮಾಡಿದಳು. “ಟೆನಿಸ್ಸೋ, ಪಾತ್ರೆ ತೊಳೆಯೋದೋ?” ಎಂದು ರಾಯರು ಮನೆಯಲ್ಲಿ ದಿನಾ ಕೂಗಾಡುತ್ತಿದ್ದರು. ಹೆಂಡತಿ ಭಾಮಾ, “ನಿಮ್ಮಿಬ್ಬರ ರಗಳೆ ನೋಡೋಕೆ ನಾನು ಬಿಸಿಲಲ್ಲಿ ಬೇರೆ ಕೂರಬೇಕಾ?” ಎಂದು ಮನೆಯಲ್ಲೇ ಉಳಿದಿದ್ದಳು.

ಇವತ್ತಿನದು ಹುಡುಗಾಟದ ಪಂದ್ಯವಲ್ಲ. ಅಂತರರಾಷ್ಟ್ರೀಯ ಟೂರ್ನಿಯ ಅರ್ಹತಾ ಸುತ್ತಿನ ಕೊನೆಯ ಪಂದ್ಯ. ಗೆದ್ದರೆ ಮುಖ್ಯ ಸುತ್ತು. ಅಲ್ಲಿ ಒಂದು ಪಂದ್ಯ ಗೆದ್ದರೆ ವಿಶ್ವ ರ‍್ಯಾಂಕಿಂಗ್‌ನ ಮೊದಲ ಪಾಯಿಂಟ್. ಹನ್ನೊಂದು ಊರುಗಳಲ್ಲಿ ತನ್ಮಯಿ ಈ ಹೊಸ್ತಿಲವರೆಗೆ ಬಂದು ಎಡವಿದ್ದಳು. ವಯಸ್ಸು ಇಪ್ಪತ್ತನಾಲ್ಕು ದಾಟಿದೆ. “ಸೇಲಂನಲ್ಲೂ ಆಗಲಿಲ್ಲ ಅಂದ್ರೆ ಸಾಕಪ್ಪಾ, ಜೂನ್‌ನಿಂದ ಸ್ಕೂಲಲ್ಲಿ ಪಿ.ಟಿ. ಟೀಚರ್ ಆಗ್ತೀನಿ” ಎಂದಿದ್ದಳು. ಬೆಳಿಗ್ಗೆ ಜಗಳವಾಗಿ, ಮೊದಲ ಸೆಟ್ ಅಪ್ಪನ ಮಾತಿನಂತೆ ಎಂದು ಒಪ್ಪಂದವಾಗಿತ್ತು. ಅಪ್ಪ ಬಾರಿಸು ಎಂದಾಗ ಬಾರಿಸಿದಳು, ಯಾವಾಗಲಾದರೊಮ್ಮೆ ಉಜ್ಜು ಎಂದಾಗ ಉಜ್ಜಿದಳು. ಏನು ಮಾಡಿದರೂ ಆ ಗಂಗಾಲಕ್ಷ್ಮಿ ಎಂಬ ಕೊಳತ್ತೂರು ಕಡೆಯ ಹುಡುಗಿ ಮೊದಲೇ ಅಲ್ಲಿ ನಿಂತಿರುತ್ತಿದ್ದಳು. ಎರಡು–ಆರು.

“ಇನ್ನು ನನ್ನಾಟ ನಾನು ಆಡ್ತೀನಿ. ನೀನು ಏನಾದ್ರೂ ಕೂಗ್ಕೋ” ಎಂದು ಹೋದವಳು ಎರಡನೆಯ ಸೆಟ್ಟಿನುದ್ದಕ್ಕೂ ಉಜ್ಜಿದಳು. ರಾಯರು ಬಿಡದೆ ಬಾರಿಸು ಎಂದರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಆರು–ಮೂರಕ್ಕೆ ಸೆಟ್ ಗೆದ್ದಳು ಪುಣ್ಯಾತ್ಗಿತ್ತಿ.

ಉಳಿದದ್ದು ಹತ್ತು ಪಾಯಿಂಟಿನ ಟೈಬ್ರೇಕ್. ಎರಡು ಪಾಯಿಂಟಿನ ಅಂತರದಲ್ಲಿ ಮೊದಲು ಹತ್ತು ಮುಟ್ಟಿದವರದು ಪಂದ್ಯ. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ರಾಯರ ಕಡೆ ತಿರುಗಿದಳು. ಗಂಗಾಲಕ್ಷ್ಮಿಯ ತಾಯಿ, ಪಾಪಾತಿ ಎಂದು ಹೆಸರು. ಬೆಳಿಗ್ಗೆಯಿಂದ ಇಬ್ಬರೂ ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ ತಮಿಳಿನಲ್ಲಿ ಹರಟಿದ್ದರು.

“ಅಲ್ಲಾ ಸಾರ್, ನಾನೂ ಆವಾಗಿಂದ ನೋಡ್ತಾವ್ನಿ. ಮೊದ್ಲು ನೀವ್ ಏಳ್ದಂಗೇ ಒಡೀತಿದ್ಲು. ಈಗ ನೀವ್ ಏಳೋದೊಂದು, ಅವ್ಳ್ ಒಡಿಯೋದೊಂದು. ನಿಮ್ ಮಾತ್ ನಂಬ್ಕಂಡು ನಮ್ ಗಂಗಾ ಕೆಟ್ಲು ನೋಡಿ! ನಿಮ್ ಮಗ್ಳು ನಿಮ್ ಮಾತ್ ಕೇಳಾಕಿಲ್ವಾ?”

ರಾಯರು ಬಾಯಿ ಬಿಟ್ಟುಕೊಂಡು ನೋಡಿದರು. “ನಿಮಗೆ... ಕನ್ನಡ ಬರುತ್ತಾ?”

“ಅಯ್ಯ, ಎನ್ನ ಸಾರ್, ಇಂಗ್ ಕೇಳ್ತೀರಾ! ಪಾಲಮಲೆ ಬೆಟ್ಟದ್ ಕೆಳಗೆ ನಮ್ ಊರೈತೆ. ಊರ್ಗೂರೇ ಕನ್ನಡ ಮಾತಾಡ್ತದೆ. ನೀವೇ ತಮಿಳ್ರು ಅನ್ಕಂಡಿದ್ದೆ, ಬಾರಿಸು ಅನ್ನೋಗಂಟ.”

ಥೂ, ನನ್ನ ಬುದ್ಧಿಗಿಷ್ಟು! ರಾಯರಿಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಮೊದಲ ಸೆಟ್ಟನ್ನು ಸೋತದ್ದು ಮಗಳಲ್ಲ, ಮೆಟ್ಟಿಲ ಮೇಲೆ ಕೂತು ತಾವೇ ಕೂಗಿ ಕೂಗಿ ಸೋಲಿಸಿದ್ದರು. ಎರಡನೆಯದನ್ನು ಅವಳು ಗೆದ್ದದ್ದು ತಮ್ಮ ಮಾತು ಮೀರಿ. ಅವರು ಗಪ್‌ಚಿಪ್ಪಾದರು. ಮೂರು–ಎರಡು, ಐದು–ಐದು, ಆರು–ಆರು ಎಂದು ಸ್ಕೋರ್ ಏರುತ್ತ ಹೋದರೂ ತುಟಿ ಬಿಚ್ಚಲಿಲ್ಲ.

ಆರು–ಆರರಲ್ಲಿ ಕಡೆ ಬದಲಾಗಿ ತನ್ಮಯಿ ಅವರು ಕೂತಿದ್ದ ಬದಿಗೆ ಬಂದಳು. ಪ್ರತಿ ಪಾಯಿಂಟ್ ಆದಮೇಲೂ ತಲೆಯೆತ್ತಿ ನೋಡತೊಡಗಿದಳು. ಹದಿನೇಳು ವರ್ಷ ಬೇಡವೆಂದರೂ ಕೇಳಿಸುತ್ತಿದ್ದ ದನಿ ನಿಂತುಹೋಗಿತ್ತು. ಒಮ್ಮೆ ಹತ್ತಿರ ಬಂದು, “ಕೋಪಾನಾ?” ಎಂದಳು. ರಾಯರು ಇಲ್ಲವೆಂದು ತಲೆಯಾಡಿಸಿದರು. ಅವಳು ನಂಬಿದ ಹಾಗೆ ಕಾಣಲಿಲ್ಲ.

ಒಂಬತ್ತು–ಎಂಟು. ತನ್ಮಯಿಗೆ ಇನ್ನೊಂದೇ ಒಂದು ಪಾಯಿಂಟ್ ಸಾಕು.

ರಾಯರ ತಲೆಯಲ್ಲಿ ಆಗ ಹೊಳೆಯಿತು. ಇಷ್ಟು ಹೊತ್ತು ಸುಮ್ಮನಿದ್ದು ಈಗ ಬಾರಿಸು ಎಂದು ಕೂಗಿದರೆ, ಮಗಳು ಈ ಸಲ ಕೇಳುತ್ತಾಳೆಂದು ನಂಬಿ ಗಂಗಾಲಕ್ಷ್ಮಿ ಗೆರೆಗೆ ಬಂದು ಬಗ್ಗಿ ನಿಲ್ಲುತ್ತಾಳೆ. ತನ್ಮಯಿ ಹೇಗೂ ಕೇಳುವುದಿಲ್ಲ, ಉಜ್ಜುತ್ತಾಳೆ. ಚೆಂಡು ಆ ಹುಡುಗಿಯ ತಲೆಯ ಮೇಲೆ ನೆಗೆದು ಹೋಗುತ್ತದೆ. ಮಗಳ ಹಟವನ್ನು ಅವರಷ್ಟು ಬಲ್ಲವರು ಯಾರಿದ್ದಾರೆ! ಪಾಪಾತಿಯ ಮುಖ ನೋಡಲು ನಾಚಿಕೆಯಾಯಿತು. ಆದರೂ ಎದ್ದು ನಿಂತರು. ಆಚೆ ಕಡೆಗೂ ಕೇಳಿಸಲೆಂದು ಒಡೆದ ಗಂಟಲಿನಲ್ಲಿ ಬೇಡಿಕೊಳ್ಳುವ ಹಾಗೆ ಕೂಗಿದರು.

“ತನೂ, ಒಂದೇ ಒಂದು ಸಲ ನನ್ನ ಮಾತು ಕೇಳಮ್ಮಾ. ಬಾರಿಸು!”

ತನ್ಮಯಿ ಅವರನ್ನು ನೋಡಿದಳು. ಬೆವರಿನ ಮುಖ ಸಡಿಲವಾಯಿತು.

ಗಂಗಾಲಕ್ಷ್ಮಿ ಸರ್ವ್ ಮಾಡಿ, ಒಂದು ಹೆಜ್ಜೆ ಮುಂದೆ ಬಂದು ಗೆರೆಯ ಮೇಲೆ ಬಗ್ಗಿ ನಿಂತಳು. ಎಲ್ಲ ಅವರು ಎಣಿಸಿದಂತೆಯೇ. ನಾಲ್ಕನೆಯ ಹೊಡೆತಕ್ಕೆ ಚೆಂಡು ಗಿಡ್ಡವಾಗಿ ಬಿತ್ತು, ಉಜ್ಜಲು ಹೇಳಿ ಮಾಡಿಸಿದ ಹಾಗೆ. ತನ್ಮಯಿ ಕೈಯನ್ನು ನೆಟ್ಟಗೆ ಹಿಂದಕ್ಕೆ ಒಯ್ದು, ಏಳನೆಯ ವಯಸ್ಸಿನಲ್ಲಿ ಕಲಿತಂತೆ, ಮೈಯ ಬಲವನ್ನೆಲ್ಲ ಹಾಕಿ ಬಾರಿಸಿದಳು. ಬಲೆಯ ಮೇಲೆ ಒಂದೇ ಗೇಣು. ಜನ್ಮದಲ್ಲಿ ಅವಳು ಅಷ್ಟು ಚೆನ್ನಾಗಿ ಬಾರಿಸಿರಲಿಲ್ಲ. ಗಂಗಾಲಕ್ಷ್ಮಿ ಸುಮ್ಮನೆ ರಾಕೆಟ್ ಅಡ್ಡ ಹಿಡಿದಳು. ಚೆಂಡು ತಿರುಗಿ ತನ್ಮಯಿಯ ಬದಿಯ ಖಾಲಿ ಮೂಲೆಗೆ ಹೋಗಿ ಬಿತ್ತು. ಒಂಬತ್ತು–ಒಂಬತ್ತು.

ಉಳಿದೆರಡು ಪಾಯಿಂಟ್ ಹೇಗೆ ಹೋದವೋ ರಾಯರಿಗೆ ಗೊತ್ತಾಗಲಿಲ್ಲ. ಪಾಪಾತಿ ಸೆರಗು ಸಿಕ್ಕಿಸಿಕೊಂಡು, “ಗಂಗಾ, ಕಣ್ಣೇ!” ಎನ್ನುತ್ತ ಮೆಟ್ಟಿಲಿಳಿದು ಓಡಿದ್ದು ಮಾತ್ರ ಕಂಡಿತು.

ತನ್ಮಯಿ ಬ್ಯಾಗ್ ಹೊತ್ತು ಮೇಲೆ ಬಂದು ಪಕ್ಕದಲ್ಲಿ ಕೂತಳು.

“ಬೈಬೇಡಪ್ಪಾ” ಎಂದಳು. “ಕೊನೇ ಸಲಕ್ಕಾದ್ರೂ ನಿನ್ನ ಮಾತು ಕೇಳಿದೆ ತಾನೇ?”

ನಿಜ ಹೇಳಲು ರಾಯರು ಬಾಯಿ ತೆರೆದರು. ಅವಳ ಕಣ್ಣು ನೋಡಿ ಮುಚ್ಚಿದರು.

“ಚೆನ್ನಾಗಿ ಬಾರಿಸಿದೆ” ಎಂದರು.

ಅವಳು ತಲೆಯನ್ನು ಅವರ ಭುಜಕ್ಕೆ ಆನಿಸಿದಳು. ಬೆವರು ಅಂಗಿಯ ತೋಳಿನಲ್ಲಿ ಇಳಿದು ಮೊಣಕೈವರೆಗೆ ಒದ್ದೆಯಾಯಿತು. ರಾಯರು ಕೈ ಅಲುಗಿಸಲಿಲ್ಲ.