ಸಿಂಪಿಯ ಅಂಚಿನಲ್ಲಿ

ನಿಮಗೂ ಒಂದು ತುಂಡು ಕೇಕ್ ಎತ್ತಿಟ್ಟಿದ್ದಾರೆ ಎಂದು ಬಾಗಿಲಲ್ಲಿ ಯಾರೋ ಹೇಳಿಹೋದರು. ಹಾರ್ಲನ್ ಪ್ರೂಟ್ ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. ಅಕ್ಕಿಕಾಳಿನಷ್ಟು ಬಿಳಿ ಚಿಪ್ಪು ಬೆಳಕಿನಲ್ಲಿ ಬಿದ್ದಿತ್ತು. ಅದರ ಬಾಯೊಳಗೆ ಸುಕ್ಕಿನಂಥ ಎರಡು ಮಡಿಕೆ. ಇವತ್ತೂ ಎರಡೇ ಇದ್ದವು.

ಆ ಮಡಿಕೆಗಳನ್ನು ನಂಬಿಯೇ ಅವನು ಯೌವನದಲ್ಲಿ ಈ ಪುಟ್ಟ ಕಡಲ ಬಸವನಹುಳುಗಳನ್ನು ದೊಡ್ಡ ಜೀವಿಕುಟುಂಬವೊಂದರಿಂದ ಬಿಡಿಸಿ, ಬೇರೆಯದೇ ಕುಟುಂಬವೆಂದು ಸಾರಿ, ಅದಕ್ಕೆ ಹೆಸರಿಟ್ಟಿದ್ದ. ಬದುಕಿನಲ್ಲಿ ಮಾಡಿದ್ದೆಂದರೆ ಅದೊಂದೇ. ಬಿಟ್ಟುಹೋಗುವ ದಿನ ಹೆಂಡತಿಯೂ ಅದನ್ನೇ ಹೇಳಿದ್ದಳು, ಬೇರೆ ದನಿಯಲ್ಲಿ.

ಅವನ ಕೈಕೆಳಗೆ ಕಲಿತು ಇದೇ ಮ್ಯೂಸಿಯಮ್ಮಿಗೆ ಸೇರಿದ ಕೊರಿನ್‌ಳ ಪ್ರಬಂಧ ಬೆಳಿಗ್ಗೆ ಅಚ್ಚಾಗಿ ಬಂದಿತ್ತು. ವಂಶವಾಹಿ ನೋಡಿದರೆ ಅಂಥ ಕುಟುಂಬವೇ ಇಲ್ಲ, ಎಲ್ಲವೂ ಹಳೆಯದಕ್ಕೇ ಸೇರಬೇಕು ಎಂದು ಬರೆದಿದ್ದಳು. ಹುಳು ಒದಗಿಸಿದ್ದಕ್ಕೆ ಕೊನೆಯಲ್ಲಿ ಅವನಿಗೆ ಕೃತಜ್ಞತೆ. ಚೆಸಾಪೀಕ್ ಕೊಲ್ಲಿಯ ಕೆಸರಿನಲ್ಲಿ ನಿಂತು, ಜೀವಂತ ಹುಳುಗಳನ್ನು ಆರಿಸಿ ಅವಳ ಅಂಗೈಗೆ ಹಾಕಿದವನು ಅವನೇ. ಯಾತಕ್ಕೆಂದು ಕೇಳಿರಲಿಲ್ಲ. ಮಗಳಂಥವಳನ್ನು ಯಾರು ಕೇಳುತ್ತಾರೆ?

ಒಬ್ಬರು ಇಟ್ಟ ಹೆಸರನ್ನು ಇನ್ನೊಬ್ಬರು ಅಳಿಸುವಾಗ ಮೊದಲೇ ಅವರ ಕಿವಿಗೆ ಹಾಕುವುದು ಈ ಕಸುಬಿನ ಮರ್ಯಾದೆ. ಸತ್ತವರಿಗೆ ಮಾತ್ರ ಹೇಳಬೇಕಾಗಿಲ್ಲ.

ಊಟದ ಕೋಣೆಯಲ್ಲಿ, ಪ್ರಬಂಧದ ಖುಷಿಗೆಂದು ಕೊರಿನ್‌ಳ ತಾಯಿ ಕೊಲ್ಲಿಯ ದ್ವೀಪದಿಂದ ಮಾಡಿ ಕಳಿಸಿದ ತೆಳುಪದರಗಳ ಕೇಕ್ ಮುಕ್ಕಾಲು ಮುಗಿದಿತ್ತು. ಗುರುವನ್ನೇ ಮೀರಿಸಿದಳು ಎಂದು ಯಾರೋ ನಕ್ಕರು. ಅವನೂ ನಕ್ಕ. ಎಲ್ಲರೂ ಎದ್ದುಹೋದ ಮೇಲೆ ಕೊರಿನ್ ಚಾಕು ತೊಳೆಯುತ್ತ ಉಳಿದಳು.

"ನಿಮ್ಗೆ ಹೇಳ್ಬೇಕು ಅಂತಾನೇ ಇದ್ದೆ, ಡಾಕ್ಟ್ರೇ."

"ಯಾವಾಗ?"

"ನೀವು ಬೇಜಾರು ಮಾಡ್ಕೋತೀರೇನೋ ಅಂತ..."

"ಕೇಕ್ ಚೆನ್ನಾಗಿದೆ. ನಿಮ್ಮಮ್ಮಂಗೆ ಹೇಳು."

ಅವಳ ಮುಖ ನಿರಾಳವಾಯಿತು. ಅದನ್ನು ಮಾತ್ರ ಅವನಿಗೆ ನೋಡಲಾಗಲಿಲ್ಲ.

"ಹುಳುಗಳ ಶೀಶೆಗಳಿಗೆ ಹೊಸ ಹೆಸರಿನ ಚೀಟಿ ನೀವೇ ಬರ್ಕೊಡ್ತೀರಾ? ಅಷ್ಟು ಸಣ್ಣ ಅಕ್ಷರ ಇಲ್ಲಿ ಇನ್ಯಾರಿಗೂ ಬರಲ್ಲ."

ನಂಬಿಸಿ ಕತ್ತು ಕೊಯ್ದವಳು ಈಗ ರಕ್ತ ಒರೆಸುವ ಬಟ್ಟೆಯನ್ನೂ ತನ್ನಿಂದಲೇ ಕೇಳುತ್ತಿದ್ದಾಳೆ ಅನ್ನಿಸಿತು. ಆಯ್ತು ಅಂದ.

ಸಂಜೆಯವರೆಗೂ ಬರೆದ. ಹಳೆಯ ಚೀಟಿಯನ್ನು ಎಸೆಯುವಂತಿಲ್ಲ, ಹೊಸದರ ಹಿಂದೆ ಇಡಬೇಕು. ಒಂದೊಂದು ಶೀಶೆಯಲ್ಲೂ ತನ್ನ ಅಕ್ಷರದ ಹಿಂದೆ ತನ್ನದೇ ಅಕ್ಷರವನ್ನು ಅಡಗಿಸಿದ. ಅವಳ ವಾದದಲ್ಲಿ ಬೆಳಗಿನಿಂದ ತಪ್ಪು ಹುಡುಕಿದ್ದ, ಸಿಕ್ಕಿರಲಿಲ್ಲ. ತಪ್ಪಿದ್ದಿದ್ದರೆ ಕ್ಷಮಿಸಬಹುದಿತ್ತು.

ಕಿಟಕಿಯ ಪಕ್ಕದ ತೊಟ್ಟಿಯಲ್ಲಿ ಜೀವಂತ ಸಿಂಪಿಯೊಂದು ಚಿಪ್ಪಿನ ಬಾಯಿ ತೆರೆದಿತ್ತು. ಅದರ ಅಂಚಿಗೆ ಕೂತ ಪುಟ್ಟ ಬಸವನಹುಳು ದಾರದಂಥ ಸೊಂಡಿಲನ್ನು ಒಳಗೆ ಚಾಚಿ ರಸ ಹೀರುತ್ತಿತ್ತು. ಇವು ಬದುಕುವುದೇ ಹಾಗೆ. ಕೊರಿನ್‌ಗೆ ಅವನು ಮೊದಲ ದಿನ ಹೇಳಿಕೊಟ್ಟ ಪಾಠವೂ ಅದೇ.

ಹುಳುವನ್ನು ಕಿತ್ತುಹಾಕೋಣವೆಂದು ನೀರಿಗೆ ಬೆರಳಿಳಿಸಿದ. ಅವನ ನೆರಳು ಬಿದ್ದದ್ದೇ ಸಿಂಪಿ ಬೆದರಿ ಬಾಯಿ ಮುಚ್ಚಿಕೊಂಡಿತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ಮತ್ತೆ ತೆರೆಯಿತು. ಹುಳು ಅಲ್ಲೇ ಕಾದು ಕೂತಿತ್ತು.