ಸಲಾವುದ್ದೀನ ಮಿಸ್ತ್ರಿ ಆರಿಸಿದ ರೇಡಿಯೇಟರ್

ಲಾರಿಯದಾಗಲಿ ಟ್ರ್ಯಾಕ್ಟರಿನದಾಗಲಿ, ರೇಡಿಯೇಟರೊಂದು ತಮ್ಮ ಮುಂದೆ ಬಂದು ಕೂತರೆ ಸಲಾವುದ್ದೀನ ಮಿಸ್ತ್ರಿಗಳು ಮೊದಲು ಅದರೊಳಗಿನ ನೀರಿನಲ್ಲಿ ಕಿರುಬೆರಳು ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿಕೊಳ್ಳುತ್ತಿದ್ದರು. ತಂಬೂರಿಯ ಶ್ರುತಿಗೆ ಕಿವಿಗೊಟ್ಟವರಂತೆ ಕಣ್ಣು ಮುಚ್ಚಿ, ಒಂದು ಗಳಿಗೆ ಅಲುಗದೆ ಕೂತು, ಆಮೇಲೆ ಪಕ್ಕಕ್ಕೆ ಉಗುಳಿ, "ಇದು ಭೀಮಾ ನೀರಲ್ಲ. ಕೊಳಕೂರ ಕಡಿ ಬಾವಿದು" ಎನ್ನುತ್ತಿದ್ದರು. ಟ್ರ್ಯಾಕ್ಟರಿನವನು ಬೆರಗಾಗಿ ಹೌದೆಂದು ತಲೆಯಾಡಿಸುತ್ತಿದ್ದ. ಯಾವ ಊರಿನ ನೀರು ತಾಮ್ರವನ್ನು ತಿನ್ನುತ್ತದೆ, ಯಾವುದು ಸುಣ್ಣ ಕಟ್ಟುತ್ತದೆ ಎಂಬುದು ಅವರ ನಾಲಿಗೆಯ ಮೇಲೆ ಇತ್ತು. ಅವರ ಹೆಂಡತಿ ಕರೀಮುನ್ನಿಸಾ ಮಾತ್ರ ಈ ವಿದ್ಯೆಗೆ ಕವಡೆಯ ಕಿಮ್ಮತ್ತು ಕೊಟ್ಟವರಲ್ಲ. "ಚಹಾಕ್ಕ ಸಕ್ರಿ ಹಾಕೀನೋ ಇಲ್ಲೋ ತಿಳಿಯೂದಿಲ್ಲ ಇವ್ರಿಗೆ, ಮೋಟಾರ ನೀರಿನ ರುಚಿ ತಿಳೀತದ!" ಎಂದು ಆಕೆ ನನ್ನೆದುರಿಗೇ ನಗುತ್ತಿದ್ದರು.

ನಾನು ಹೈಸ್ಕೂಲು ಮಾಸ್ತರನಾಗಿ ಅಫಜಲಪುರಕ್ಕೆ ಬಂದದ್ದು ಎಪ್ಪತ್ತೊಂಬತ್ತರಲ್ಲಿ. ಬಾಡಿಗೆಗೆ ಹಿಡಿದ ಕೋಣೆಯ ಕಿಟಕಿ ಮಿಸ್ತ್ರಿಗಳ ತಗಡಿನ ಶೆಡ್ಡಿನತ್ತ ತೆರೆಯುತ್ತಿತ್ತು. ಆಳೆತ್ತರದ ಕೃಶ ಶರೀರ; ತುಂಬಿದ ಕೊಡವೊಂದನ್ನು ತಲೆಯ ಮೇಲೆ ಹೊತ್ತವರಂತೆ ಕುತ್ತಿಗೆ ಅಲುಗದ ನಿಧಾನದ ನಡಿಗೆ; ಬೆಸುಗೆಯ ಕಿಡಿಗಳು ಸುಟ್ಟು ನೂರಾರು ಸಣ್ಣ ತೂತುಗಳಾದ, ಬೇಸಿಗೆಯಲ್ಲೂ ಬಿಚ್ಚದ ಖಾಕಿ ಕೋಟು. ಕೆಲಸ ಎಂದಿಗೆ ಆಗುತ್ತದೆಂದು ಯಾರು ಕೇಳಿದರೂ "ಆಗ್ತದ" ಎಂಬ ಮಾತು ಅವರ ಬಾಯಿಂದ ಹೊರಟದ್ದಿಲ್ಲ. "ನೋಡೋಣ್ರಿ" ಎನ್ನುತ್ತಿದ್ದರು. ಆ ಒಂದು ಮಾತಿನಿಂದ ಎಷ್ಟೋ ಗಿರಾಕಿಗಳು ಮುನಿಸಿಕೊಂಡು ಕಲಬುರಗಿಯ ಹಾದಿ ಹಿಡಿದದ್ದನ್ನೂ, ತಿಂಗಳೊಪ್ಪತ್ತಿನಲ್ಲಿ ತಲೆ ತಗ್ಗಿಸಿ ಮರಳಿದ್ದನ್ನೂ ನಾನು ಕಿಟಕಿಯಿಂದಲೇ ಕಂಡಿದ್ದೇನೆ.

ಕರಜಗಿಯ ದೌಲತರಾಯ ಪಾಟೀಲರ ಕಾರು ಆ ಸೀಮೆಯಲ್ಲೆಲ್ಲ ಪ್ರಸಿದ್ಧ. ಹೈದರಾಬಾದಿನ ಒಂದು ಹಳೆಯ ಮನೆತನದವರಿಂದ ಅವರು ಕೊಂಡು ತಂದಿದ್ದ ಅಮೆರಿಕದ ಗಾಡಿ ಅದು: ಉದ್ದ ಮೂತಿ, ಎರಡೇ ಬಾಗಿಲು, ಕುಂಕುಮದ ಬಣ್ಣ, ಎಂಟು ಸಿಲಿಂಡರಿನ ಎಂಜಿನು. ಸಪಾಟು ಹೆದ್ದಾರಿಗಳ ಮೇಲೆ ಓಟದ ಹುಚ್ಚಿಗೆಂದೇ ಹುಟ್ಟಿದ ಜಾತಿ. ಅದು ಗುಡುಗಿದರೆ ಕರಜಗಿಯ ಎತ್ತುಗಳು ಹಗ್ಗ ಹರಿಯುತ್ತಿದ್ದವು. ಅದನ್ನು ನಡೆಸುತ್ತಿದ್ದ ಹುಲೆಪ್ಪನೋ, ಎತ್ತರದ ದನಿಯಲ್ಲಿ ಮಾತೂ ಆಡದ ಸೌಮ್ಯ ಜೀವಿ. ಆದರೆ ಆ ಕಾರು ಬಾವಿಯ ಸವುಳು ನೀರು ಕುಡಿದು ಕುಡಿದು, ಎಂಬತ್ಮೂರರ ಬೇಸಿಗೆಯ ಹೊತ್ತಿಗೆ ಅದರ ರೇಡಿಯೇಟರ್ ಬೆಸುಗೆಯ ಮೇಲೆ ಬೆಸುಗೆ ಬಿದ್ದು ಜರ್ಜರವಾಗಿತ್ತು.

"ಇನ್ನ ಬೆಸಿಗಿ ಹಾಕಿದ್ರ ಸುಳ್ಳ ಹೇಳಿದಂಗ ಆಗ್ತದ ಪಾಟೀಲ್ರ. ಬ್ಯಾರೇದು ಕೂಡಿಸಬೇಕು" ಎಂದರು ಮಿಸ್ತ್ರಿಗಳು.

ಅಂಥ ಕಾರಿನ ರೇಡಿಯೇಟರ್ ಈ ದೇಶದಲ್ಲಿ ಎಲ್ಲಿಯದು? ಪಾಟೀಲರಿಗೋ ಅವಸರ. ಮೂರನೆಯ ದಿನ ಆಳಂದದಲ್ಲಿ ತಂಗಿಯ ಮಗಳ ಮದುವೆ. ಮದುಮಕ್ಕಳನ್ನು ಆ ಕಾರಿನಲ್ಲೇ ಮೆರೆಸುತ್ತೇನೆಂದು ಅವರು ಮಾತು ಕೊಟ್ಟಿದ್ದರು. "ಲಾರೀದು ಹಾಕ್ರಿ ಮಿಸ್ತ್ರಿ. ದೊಡ್ಡದಿದ್ದಷ್ಟು ಛಲೋ ಅಲ್ಲೇನು?" ಎಂದರು. ಮಿಸ್ತ್ರಿಗಳು ಬಹಳ ಹೊತ್ತು ಬಾನೆಟ್ಟಿನೊಳಗೆ ಬಾಗಿ ನಿಂತಿದ್ದು, ಏನನ್ನೋ ಹೇಳಲು ಬಾಯಿ ತೆರೆದು, ಹೇಳದೆ, ಕೆಲಸಕ್ಕೆ ಕೂತರು.

ಮದುವೆಯ ದಿನ ಚೌಡಾಪುರದ ಬಳಿ ಎತ್ತಿನ ಗಾಡಿಗಳ ಸಾಲಿನ ಹಿಂದೆ ಆಮೆಯಂತೆ ತೆವಳುತ್ತ ಕಾರು ಕುದಿಯಿತು. ರೇಡಿಯೇಟರಿನ ಮುಚ್ಚಳ ಈಗಲೇ ತೆರೆಯಬಾರದೆಂಬುದು ಹುಲೆಪ್ಪನಿಗೆ ತಿಳಿಯದ್ದಲ್ಲ. ಆದರೆ ಮಾಲೀಕರು ಹಿಂದಿನಿಂದ ಒಂದೇ ಸಮ ಗದರಿಸುತ್ತಿದ್ದರು. ಅರಿವೆ ಸುತ್ತಿ ತಿರುವಿದ. ಕುದಿಯುವ ನೀರು ಚಿಮ್ಮಿ ಅವನ ಕುತ್ತಿಗೆಯನ್ನೂ ಬಲಗೈಯನ್ನೂ ಬೇಯಿಸಿಬಿಟ್ಟಿತು.

ಊರೆಲ್ಲ ಹುಲೆಪ್ಪನದೇ ತಪ್ಪೆಂದಿತು. ಪಾಟೀಲರ ಕಟ್ಟೆಯ ಮೇಲೆ ನಾಲ್ಕು ಜನ ಸೇರಿ ಅದೇ ಮಾತನ್ನು ಆಡುತ್ತಿದ್ದಾಗ ಮಿಸ್ತ್ರಿಗಳು ಅದೇ ನಿಧಾನದ ನಡಿಗೆಯಲ್ಲಿ ಬಂದರು. ಯಾವುದೋ ಕೆಲಸಕ್ಕೆ ಕರಜಗಿಗೆ ಹೋಗಿದ್ದ ನಾನೂ ಅಲ್ಲಿದ್ದೆ.

"ತಪ್ಪು ಅಂವಂದಲ್ರಿ" ಎಂದರು ನಿಂತುಕೊಂಡೇ. "ಲಾರೀದು ದೊಡ್ಡದು, ಮುಂದಕ ಸರಿಸಿ ಕೂಡಿಸಿದ್ದೆ. ಫ್ಯಾನಿಗೂ ರೇಡಿಯೇಟರ್ ಜಾಲರಿಗೂ ನಡುವ ನಾಕು ಬಟ್ಟು ಜಾಗ ಉಳದಿತ್ತು. ಫ್ಯಾನ್ ಗಾಳಿ ಎಳಿಯೂದಿಲ್ಲ, ಗಾಡಿ ನಿಂತಲ್ಲಿ ಕುದೀತದ ಅಂತ ನನಗ ಗೊತ್ತಿತ್ತು. ನೀವು ಅವಸರ ಮಾಡಿದ್ರಿ, ನಾ ಬಾಯಿ ಮುಚಗೊಂಡೆ. ಆ ಕೈ ಸುಟ್ಟಂವ ನಾನ."

ಪಾಟೀಲರು ನೆಲ ನೋಡಿದರು. ಯಾರೂ ಮಿಸ್ತ್ರಿಗಳತ್ತ ಬೆರಳು ತೋರಿರಲಿಲ್ಲ. ಸುಮ್ಮನಿದ್ದಿದ್ದರೆ ಆ ದೋಷ ಲೋಕದ ಲೆಕ್ಕದಿಂದ ಅಳಿಸಿಯೇ ಹೋಗುತ್ತಿತ್ತು.

ಅಂದಿನಿಂದ ಅವರು ದಿನವೂ ಮಧ್ಯಾಹ್ನ ಶೆಡ್ಡು ಮುಚ್ಚಿ, ಬಸ್ಸು ಹತ್ತಿ ಕರಜಗಿಯಲ್ಲಿದ್ದ ಹುಲೆಪ್ಪನ ಮನೆಗೆ ಹೋಗತೊಡಗಿದರು. ಹುಲೆಪ್ಪನ ಹೆಂಡತಿ ಮರೆಮ್ಮ ಮೊದಲ ದಿನವೇ ಬಾಗಿಲಿಗೆ ಅಡ್ಡ ನಿಂತಳು.

"ಒಳಗ ಬರಬ್ಯಾಡ್ರಿ ಮಿಸ್ತ್ರಿ. ಹೇಳೂದು ಅಲ್ಲೇ ನಿಂತು ಹೇಳ್ರಿ."

"ಹೇಳೂದು ಏನಿಲ್ಲವ್ವ. ಹ್ಯಾಂಗಿದಾನ ಅಂತ ಕೇಳಾಕ ಬಂದೇನಿ."

ಬಿಸಿಲಲ್ಲಿ ಅಂಗಳದಲ್ಲಿ ನಿಂತು ಕೇಳಿ ಮರಳಿದರು. ಮರುದಿನ ಮತ್ತೆ ಬಂದರು, ಅದರ ಮರುದಿನವೂ. ಹನ್ನೊಂದನೆಯ ದಿನ ಒಳಗಿನಿಂದ ಹುಲೆಪ್ಪನ ಕ್ಷೀಣ ದನಿ ಕೇಳಿಸಿತು: "ಒಳಗ ಬಿಡ ಬೇ, ಬಿಸಿಲ ಭಾಳ ಅದ." ಮರೆಮ್ಮ ಪಕ್ಕಕ್ಕೆ ಸರಿದಳು.

ಹೊಸ ರೇಡಿಯೇಟರಿನ ಆಯ್ಕೆಗೆ ಮಿಸ್ತ್ರಿಗಳು ಸುಮಾರು ಒಂದು ವರ್ಷ ಹಿಡಿದರು. ಈ ಸಲ ಪಾಟೀಲರು ಅವಸರ ಮಾಡಲಿಲ್ಲ. ಜೇವರ್ಗಿಯ ಬಿಡಿಭಾಗಗಳ ವ್ಯಾಪಾರಿ ಶಾಂತಲಿಂಗಪ್ಪ, ಮುಂಬಯಿಯಿಂದ ತರಿಸಿದ್ದೆಂದು ಕನ್ನಡಿಯಂತೆ ಹೊಳೆಯುವ ಒಂದನ್ನು ತಂದಿಟ್ಟ. ಮಿಸ್ತ್ರಿಗಳು ಹೊಳಪಿನತ್ತ ಕಣ್ಣೂ ಹಾಯಿಸದೆ, ಮೇಲಿನ ಬಾಯಿಗೆ ಒಂದು ಕೊಡ ನೀರು ಸುರಿದು, ಕೆಳಗಿನ ಬಾಯಿಯಿಂದ ಅದು ಹೊರಬರುವುದನ್ನು ನೋಡುತ್ತ ಕೂತರು. ಬಂದದ್ದು ಹಸುವಿನ ಮೊಲೆಯ ಕೊನೆಯ ಹಾಲಿನಂತೆ ಎಳೆ ಎಳೆ.

"ಹೊರಗ ಬಣ್ಣ ಹಚ್ಯಾರ ಸಾವಕಾರ, ಒಳಗ ಅರ್ಧ ನಳಿಗಿ ಸತ್ತಾವ."

"ಏಳು ಜಿಲ್ಲಾದಾಗ ಇಂಥಾದ್ದು ಸಿಗೂದಿಲ್ಲ, ನೋಡ್ರಿ ಮತ್ತ!"

"ಸಿಗದಿದ್ರ ಗಾಡಿ ನಿಲ್ತದ. ನಿಂತ ಗಾಡಿ ಯಾರನ್ನೂ ಸುಡೂದಿಲ್ಲ."

ಒಂದು ಭಾನುವಾರ ಸೊಲ್ಲಾಪುರದ ಗುಜರಿಗೆ ನಾನೂ ಅವರ ಸಂಗಡ ಹೋದೆ. ಬೆಟ್ಟದಂತೆ ಪೇರಿಸಿದ್ದ ಕಬ್ಬಿಣದ ನಡುವೆ ಅವರು ಒಂದೊಂದನ್ನೇ ಎತ್ತಿ ಸೂರ್ಯನಿಗೆ ಹಿಡಿಯುತ್ತಿದ್ದರು. ಜಾಲರಿಯ ಸಂದಿನಿಂದ ಸೋಸಿದ ಬೆಳಕು ಅವರ ಮುಖದ ಮೇಲೆ ಸಣ್ಣ ಸಣ್ಣ ಚೌಕಗಳಾಗಿ ಬೀಳುತ್ತಿತ್ತು. ಹೊತ್ತು ಇಳಿದಾಗ ಅವರು ಆರಿಸಿದ್ದನ್ನು ಕಂಡು ನನಗೆ ನಿರಾಶೆಯಾಯಿತು. ಅಗಲವಾದ, ತೆಳ್ಳಗಿನ, ಒಂದು ಮೂಲೆ ನಜ್ಜಿದ ಕುರೂಪಿ. ರಸ್ತೆ ಕೆಲಸದ ಹಳೆಯ ಕ್ರೇನೊಂದರದು.

"ಓಡೋ ಕಾರಿಗೆ ಕ್ರೇನಿಂದೇನ್ರಿ?" ಎಂದೆ.

"ನಮ್ಮ ಹಾದ್ಯಾಗ ಆ ಕಾರು ಎಲ್ಲಿ ಓಡ್ತದ ಮಾಸ್ತರ್ರ? ಕಬ್ಬಿನ ಗಾಡಿ ಹಿಂದ ನಿಲ್ತದ, ಕುರಿ ಹಿಂಡಿನ ಹಿಂದ ನಿಲ್ತದ. ಕ್ರೇನು ನಿಂತಲ್ಲೇ ದುಡಿಯೋದು. ಇದು ಓಟದ ಗಾಳಿ ನೆಚ್ಚಿ ಬದುಕಿದ್ದಲ್ಲ."

ಊರೆಲ್ಲ ಆ ಕಾರಿನ ವೇಗವನ್ನು ಕೊಂಡಾಡುತ್ತಿದ್ದಾಗ ಅದು ನಿಲ್ಲುವ ಜಾಗಗಳನ್ನು ಎಣಿಸಿಟ್ಟಿದ್ದವರು ಅವರೊಬ್ಬರೇ. ಮಾಸ್ತರನಾದ ನನಗೆ ಅಂದು ಪಾಠವಾಯಿತು.

ಮೂಲೆಯ ನಜ್ಜು ತೆಗೆದು, ಅದನ್ನು ಫ್ಯಾನಿಗೆ ಒಂದು ಬಟ್ಟಿನಷ್ಟು ಹತ್ತಿರ ಕೂಡಿಸಿ, ಗಾಳಿ ಸೋರದಂತೆ ಸುತ್ತಲೂ ತಗಡಿನ ಕವಚ ಬಾಗಿಸಿದರು. ಗಾಡಿ ಸಿದ್ಧವಾದರೂ ಶೆಡ್ಡಿನಿಂದ ಕದಲಿಸಲು ಒಪ್ಪಲಿಲ್ಲ. ಪಾಟೀಲರು ಬೇರೆ ಡ್ರೈವರನನ್ನು ಕಳಿಸಿದರೆ ಹಿಂದಕ್ಕೆ ಕಳಿಸಿದರು. "ಹುಲೆಪ್ಪ ಬರೂತನಕ ನಿಲ್ಲಲಿ" ಎಂದರು. ಹುಲೆಪ್ಪನ ಕೈಯ ಗಾಯ ಎಂದೋ ಮಾದಿತ್ತು, ಆದರೆ ಆ ಕಾರಿನ ಹೆಸರೆತ್ತಿದರೆ ಅವನು ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಕಡೆಗೆ ಎಂಬತ್ನಾಲ್ಕರ ಮೇ ತಿಂಗಳ ಒಂದು ಮಧ್ಯಾಹ್ನ, ನೆಲದಿಂದ ಉರಿ ಏಳುತ್ತಿರುವಾಗ, ಅವನು ಬಂದ. ಮರೆಮ್ಮನೂ ಬಂದಳು, ಗಂಡನ ಪಕ್ಕದಲ್ಲಿ ತಾನೇ ಕೂತಳು. ಮಿಸ್ತ್ರಿಗಳೂ ನಾನೂ ಹಿಂದೆ.

ಚೌಡಾಪುರದ ಅದೇ ತಿರುವು. ಮಿಸ್ತ್ರಿಗಳು ಗಾಡಿ ನಿಲ್ಲಿಸಲು ಹೇಳಿದರು. ಎಂಜಿನು ಆರಿಸಬೇಡ ಎಂದರು. ಇಳಿದು, ನಮ್ಮನ್ನೆಲ್ಲ ದೂರ ನಿಲ್ಲಿಸಿ, ತಾವೊಬ್ಬರೇ ಬಾನೆಟ್ಟು ತೆಗೆದು ಅದರ ಮುಂದೆ ನಿಂತರು. ಎಂಟು ಸಿಲಿಂಡರುಗಳು ಉರಿಬಿಸಿಲಲ್ಲಿ ಗುಡುಗುತ್ತಲೇ ಇದ್ದವು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ. ಒಂದು ಎಳೆ ಹಬೆಯೂ ಏಳಲಿಲ್ಲ. ಮಿಸ್ತ್ರಿಗಳು ಬರಿಯ ಅಂಗೈಯನ್ನು ರೇಡಿಯೇಟರಿನ ಕೆಳಗಿನ ತೊಟ್ಟಿಯ ಮೇಲೆ ಇಟ್ಟು, ತೆಗೆಯದೆ, ಹಾಗೆಯೇ ನಿಂತರು. ತಾಮ್ರ ಬಿಸಿಯಾಗಿತ್ತು, ಸುಡುತ್ತಿರಲಿಲ್ಲ.

ಆಗ ಹುಲೆಪ್ಪ ಮೆಲ್ಲನೆ ನಡೆದು ಬಂದ. "ಸ್ವಲ್ಪ ಅತ್ತ ಸರೀರಿ ಮಿಸ್ತ್ರಿ" ಎಂದು, ಸುಟ್ಟು ಸುಕ್ಕಾಗಿದ್ದ ತನ್ನ ಬಲಗೈಯನ್ನು ಅವರ ಕೈಯ ಪಕ್ಕದಲ್ಲೇ ಆ ತಾಮ್ರದ ಮೇಲಿಟ್ಟ. ಮರೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಿಸ್ತ್ರಿಗಳು ಮುಖ ತಿರುಗಿಸಿ, ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು.

ಆ ಕಾರು ಮುಂದೆ ಏಳು ವರ್ಷ ಆ ಹಾದಿಗಳಲ್ಲಿ ತಿರುಗಿತು, ಒಮ್ಮೆಯೂ ಕುದಿಯಲಿಲ್ಲ. ತೊಂಬತ್ತೊಂದರಲ್ಲಿ ಪಾಟೀಲರು ಅದನ್ನು ಯಾರಿಗೋ ಮಾರಿದರು. ಮೂರು ವರ್ಷದ ತರುವಾಯ ಮಿಸ್ತ್ರಿಗಳು ತೀರಿಕೊಂಡಾಗ ನಾನು ಬೇರೆ ಊರಿನಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಹೆಗಲು ಕೊಟ್ಟವರಲ್ಲಿ ಹುಲೆಪ್ಪನೂ ಇದ್ದನೆಂದು ಆಮೇಲೆ ಕೇಳಿದೆ.

ಕೈಚಳಕದ ಕುಶಲಿಗಳನ್ನು ನಾನು ಬಹಳ ಕಂಡಿದ್ದೇನೆ. ತಾವು ಮಾಡಿದ್ದಕ್ಕೆ ಹೊಣೆಯಾಗುವವರೂ ಅಲ್ಲಲ್ಲಿ ಸಿಗುತ್ತಾರೆ. ಆದರೆ ಹೇಳಬೇಕಾದಾಗ ಹೇಳದೆ ಉಳಿದ ಒಂದು ಮಾತಿಗೂ ತಾನೇ ಹೊಣೆ ಎಂದು ನಾಲ್ಕು ಜನರ ಮುಂದೆ ನಿಂತು ನುಡಿಯುವವರು ತೀರ ವಿರಳ. ಅಂಥವರು ಯಾವುದೋ ಬಸ್‌ಸ್ಟ್ಯಾಂಡಿನ ಹಿಂದೆ, ಹೆಸರಿನ ಹಲಗೆಯೂ ಇಲ್ಲದ ತಗಡಿನ ನೆರಳಿನಲ್ಲಿ ಕೂತಿರುತ್ತಾರೆ. ಅವರು ಕೂಡಿಸಿದ ಗಾಲಿಗಳ ಮೇಲೆ, ಬೆಸೆದ ತಾಮ್ರದ ಮೇಲೆ ನಮ್ಮ ಹೆಂಡಿರು ಮಕ್ಕಳನ್ನು ಕೂಡಿಸಿಕೊಂಡು, ಅವರು ಯಾರೆಂದೂ ಕೇಳದೆ, ನಾವು ನೆಮ್ಮದಿಯಿಂದ ಮದುವೆಗೆ ಹೊರಡುತ್ತೇವೆ.